ಬ್ರೌಸರ್‌ನಲ್ಲಿ ಕ್ರೆಡಿಟ್ ಕಾರ್ಡ್ ಸೇವ್ ಮಾಡಿಟ್ಟುಕೊಳ್ಳಬಹುದಾ?

ತುಂಗಾತೀರ:

ಮನೆಯಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇದೆ. ನಾಲ್ಕು ಜನರೂ ಒಂದೇ ಲಾಗಿನ್‌ನಲ್ಲಿ ಬಳಸುತ್ತೇವೆ. ಮೆಸ್ಕಾಂ ಬಿಲ್ಲು, ರೈಲು ಟಿಕೆಟ್, ಮಗನ ಆನ್‌ಲೈನ್ ಕೋರ್ಸಿನ ಡಾಲರ್ ಚಂದಾ, ಎಲ್ಲಕ್ಕೂ ಒಂದೇ ಕ್ರೆಡಿಟ್ ಕಾರ್ಡ್. ದುಡ್ಡು ಕಟ್ಟಿದ ಮೇಲೆ ಕ್ರೋಮ್ ಮೂಲೆಯಲ್ಲಿ "ಸೇವ್ ಕಾರ್ಡ್?" ಅಂತ ಕೇಳುತ್ತಲೇ ಇರುತ್ತದೆ. ನನ್ನ ಅನುಮಾನ ಇಷ್ಟು:

ಯಾರೂ ಕಾರ್ಡ್ ನಂಬರ್ ಸೇವ್ ಮಾಡಬಾರದು ಅಂತ ಆರ್‌ಬಿಐ ಹೇಳಿತ್ತಲ್ಲ, ಹಾಗಿದ್ದರೆ ಕ್ರೋಮ್ ಹೇಗೆ ಸೇವ್ ಮಾಡುತ್ತದೆ? ಹೇಗೂ ಒಟಿಪಿ ಇದ್ದೇ ಇದೆ, ನಂಬರ್ ಯಾರದಾದರೂ ಕೈಗೆ ಸಿಕ್ಕರೆ ತಾನೇ ಏನಾದೀತು? ಪ್ರತಿ ಸಲ 16 ಅಂಕಿ ಕುಟ್ಟದೆ ಇರೋಕೆ ಬೇರೆ ದಾರಿ ಉಂಟಾ?

ಬಿಟ್_ಬೈಟ್:

ನೀವು ಎರಡು ಬೇರೆ ಬೇರೆ "ಸೇವ್"ಗಳನ್ನು ಒಂದೇ ಅಂದುಕೊಂಡಿದ್ದೀರಿ. ತಪ್ಪು ನಿಮ್ಮದಲ್ಲ ಬಿಡಿ, ಎರಡೂ ಒಂದೇ ಹೊತ್ತಿನಲ್ಲಿ, ಒಂದೇ ಮಾತಿನಲ್ಲಿ ಕೇಳುತ್ತವೆ.

ಆರ್‌ಬಿಐ ನಿಯಮ ಇರುವುದು ಅಂಗಡಿ ತಾಣಗಳಿಗೆ, ಪೇಮೆಂಟ್ ಗೇಟ್‌ವೇಗಳಿಗೆ. 2022ರ ಅಕ್ಟೋಬರ್ 1ರಿಂದ, ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ನೆಟ್‌ವರ್ಕ್ ಬಿಟ್ಟು ಪಾವತಿಯ ಸರಪಳಿಯಲ್ಲಿ ಇನ್ಯಾರೂ ಪೂರ್ತಿ ನಂಬರ್ ಇಟ್ಟುಕೊಳ್ಳುವಂತಿಲ್ಲ. ಕೊನೆಯ 4 ಅಂಕಿ ಮತ್ತು ಬ್ಯಾಂಕಿನ ಹೆಸರು ಮಾತ್ರ ಇಟ್ಟುಕೊಳ್ಳಬಹುದು. ತಾಣದ ಒಳಗೇ ಟಿಕ್ ಹಾಕಿ, ಒಟಿಪಿ ಕೊಟ್ಟು ಕಾರ್ಡ್ ಸೇವ್ ಮಾಡಿದರೆ ಅಲ್ಲಿ ಉಳಿಯುವುದು ನಿಮ್ಮ ನಂಬರ್ ಅಲ್ಲ, ಟೋಕನ್, ಅಂದರೆ ನಂಬರಿನ ಬದಲು ನಿಲ್ಲುವ ಒಂದು ಸಂಕೇತ. ಒಂದು ತಾಣಕ್ಕೆಂದು ಮಾಡಿದ ಟೋಕನ್ ಇನ್ನೊಂದು ತಾಣದಲ್ಲಿ ನಡೆಯುವುದಿಲ್ಲ. ಆ ಕಂಪನಿಯ ಡೇಟಾ ನಾಳೆ ಸೋರಿದರೂ ಕದ್ದವನು ಅದನ್ನು ಹಿಡಿದು ಬೇರೆಡೆ ಖರೀದಿ ಮಾಡಲಾರ.

ಕ್ರೋಮ್ ಮೂಲೆಯಲ್ಲಿ ಕೇಳುವುದು ಬೇರೆ. ಅದು ನೀವು ಒತ್ತಿದ ಅಂಕಿಗಳನ್ನೇ ನಿಮ್ಮ ಯಂತ್ರದಲ್ಲಿ ಬರೆದಿಡುತ್ತದೆ. ನಿಮ್ಮ ಡೈರಿಯಲ್ಲಿ ನೀವೇ ಬರೆದಿಟ್ಟ ಹಾಗೆ.

ಬರೆದಿಡುವುದು ಎಲ್ಲಿ ಅಂದರೆ, ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್ ಒಳಗೆ ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್ ಅಂತ ಇಳಿದುಕೊಂಡು ಹೋದರೆ "ವೆಬ್ ಡೇಟಾ" ಅನ್ನುವ ಕಡತ ಸಿಗುತ್ತದೆ. ಅದು ಎಸ್‌ಕ್ಯುಎಲೈಟ್ ಅನ್ನುವ ಮಾಮೂಲಿ ಡೇಟಾಬೇಸ್, ಪಟ್ಟಿಗಳಲ್ಲಿ ಮಾಹಿತಿ ಇಡುವ ಕಡತ. ಅದರ ಕಾರ್ಡ್ ಪಟ್ಟಿಯಲ್ಲಿ ಹೆಸರು, ಮುಗಿಯುವ ತಿಂಗಳು, ಮುಗಿಯುವ ವರ್ಷ ಎಲ್ಲವೂ ಯಾರು ಬೇಕಾದರೂ ಓದುವ ಹಾಗೆ ಬಿದ್ದಿರುತ್ತವೆ. ಕಾರ್ಡ್ ಸಂಖ್ಯೆಯನ್ನು ಮಾತ್ರ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿ ಇಟ್ಟಿರುತ್ತದೆ. ಅದನ್ನು ಬಿಚ್ಚುವ ಕೀಲಿ ಒಂದು ಹಂತ ಮೇಲಿನ "ಲೋಕಲ್ ಸ್ಟೇಟ್" ಕಡತದಲ್ಲಿದೆ. ಆ ಕೀಲಿಗೂ ಒಂದು ಬೀಗ ಉಂಟು, ಆದರೆ ಲಾಗಿನ್ ಆಗಿರುವ ಯೂಸರ್‌ನ ಹೆಸರಿನಲ್ಲಿ ಯಾವ ಪ್ರೋಗ್ರಾಂ ಕೇಳಿದರೂ ವಿಂಡೋಸ್ ಅದನ್ನು ತೆಗೆದುಕೊಡುತ್ತದೆ. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಪಕ್ಕದ ಗೂಟಕ್ಕೇ ನೇತುಹಾಕಿದ ಹಾಗೆ.

ಹಾಗಾಗಿ ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿಕೊಂಡು ಹೋದವನಿಗೆ ಲಾಗಿನ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಸುಲಭಕ್ಕೆ ಏನೂ ಸಿಗುವುದಿಲ್ಲ. ಒಳಗಡೆಯೇ ಓಡುವ ಕಳ್ಳ ಪ್ರೋಗ್ರಾಂಗೆ ಮಾತ್ರ ಎಲ್ಲವೂ ಸಿಗುತ್ತದೆ. ರೆಡ್‌ಲೈನ್, ವಿಡಾರ್, ಲುಮ್ಮಾ ಅಂತ ಕೇಳಿರಬಹುದು. ಇವುಗಳ ಕಸುಬೇ ಈ ಎರಡು ಕಡತ, ಜೊತೆಗೆ ಕುಕೀ (ತಾಣಗಳು ನಿಮ್ಮ ಲಾಗಿನ್ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಗುರುತು) ಮತ್ತು ಪಾಸ್‌ವರ್ಡ್ ಕಡತಗಳನ್ನು ಎತ್ತಿಕೊಂಡು ಹೋಗುವುದು. ಬರುವ ದಾರಿಯೂ ಹೊಸದಲ್ಲ: ಕ್ರ್ಯಾಕ್ ಮಾಡಿದ ಫೋಟೋಶಾಪ್, ವಿಂಡೋಸ್ ಆ್ಯಕ್ಟಿವೇಟರ್, ಮಕ್ಕಳು ಇಳಿಸಿಕೊಳ್ಳುವ ಗೇಮ್ ಚೀಟ್. 2024ರ ಜುಲೈಯಲ್ಲಿ ಕ್ರೋಮ್ 127 ಬಂದಾಗ ಕ್ರೋಮ್‌ಗೆ ಮಾತ್ರ ಕೀಲಿ ಸಿಗುವ ವ್ಯವಸ್ಥೆಯನ್ನು ಗೂಗಲ್ ಶುರು ಮಾಡಿತು, ಮೊದಲು ಕುಕೀಗಳಿಗೆ. ಕೆಲವೇ ತಿಂಗಳಲ್ಲಿ ಕಳ್ಳರು ಅದಕ್ಕೂ ಕನ್ನ ಕೊರೆದರು.

ನಾಲ್ಕು ಜನ ಒಂದೇ ಲಾಗಿನ್ ಬಳಸುತ್ತೀರಿ ಅಂದಿರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆ ಯಂತ್ರದಲ್ಲಿ ಸೇವ್ ಮಾಡಬೇಡಿ. ಒಬ್ಬರೇ ಬಳಸುವ, ಅಪ್‌ಡೇಟ್ ಆಗುತ್ತಿರುವ, ಕ್ರ್ಯಾಕ್ ಸಾಫ್ಟ್‌ವೇರ್ ಸೋಕದ ಯಂತ್ರವಾಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನುತ್ತಿರಲಿಲ್ಲ.

ಲೆಕ್ಕಪತ್ರ:

ಒಟಿಪಿ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ನಮ್ಮ ದೇಶದೊಳಗಿನ ತಾಣದಲ್ಲಿ ಕೈಯಾರೆ ಮಾಡುವ ಪಾವತಿಗೆ ಒಟಿಪಿಯಂಥ ಎರಡನೇ ಖಾತ್ರಿ ಸಾಮಾನ್ಯವಾಗಿ ಬೇಕೇ ಬೇಕು. ಆದರೆ ವಿದೇಶಿ ತಾಣ ಒಟಿಪಿ ಕೇಳದೆಯೇ ಹಣ ಎಳೆಯಬಹುದು, ಎಷ್ಟೋ ತಾಣಗಳು ಕೇಳುವುದೇ ಇಲ್ಲ. ಸಿವಿವಿ (ಕಾರ್ಡಿನ ಹಿಂಬದಿಯ 3 ಅಂಕಿ) ಕೂಡ ಕೇಳದ ತಾಣಗಳಿವೆ. ನಿಮ್ಮದು ಡಾಲರ್ ಚಂದಾ ಇರುವ ಕಾರ್ಡ್ ಅಂದಮೇಲೆ ಇಂಟರ್‌ನ್ಯಾಷನಲ್ ಸ್ವಿಚ್ ಆನ್ ಆಗಿಯೇ ಇರುತ್ತದೆ. ಕದ್ದವನಿಗೆ ಬೇಕಾಗಿರುವುದು ಅದೇ.

ಒಂದು ಸಣ್ಣ ಲೆಕ್ಕ ನೋಡಿ. ಕಾರ್ಡಿನ ಮೊದಲ 6 ಅಂಕಿ ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ಹೇಳುತ್ತವೆ, ಗುಟ್ಟೇನಲ್ಲ. ಕೊನೆಯ 4 ಅಂಕಿ ರಸೀದಿಯಲ್ಲೂ ಎಸ್‌ಎಂಎಸ್‌ನಲ್ಲೂ ಬರುತ್ತವೆ. ಉಳಿದದ್ದು ನಡುವಿನ 6 ಅಂಕಿ, ಅಂದರೆ 10 ಲಕ್ಷ ಸಾಧ್ಯತೆ. ಕೊನೆಯ ಅಂಕಿ ಲೂನ್ ಸೂತ್ರದಂತೆ (ನಂಬರ್ ಸರಿಯಿದೆಯೇ ಎಂದು ಪರೀಕ್ಷಿಸುವ ಲೆಕ್ಕ) ತಾಳೆಯಾಗಬೇಕಾದ್ದರಿಂದ ಅದು 1 ಲಕ್ಷಕ್ಕೆ ಇಳಿಯುತ್ತದೆ. 5 ವರ್ಷ ಅವಧಿಯ ಕಾರ್ಡಿಗೆ ಮುಗಿಯುವ ತಿಂಗಳಿನ ಸಾಧ್ಯತೆ 60, ಸಿವಿವಿಗೆ 1,000. ಊಹಿಸುತ್ತಾ ಕೂರುವವನು ಇದೆಲ್ಲ ದಾಟಿಕೊಂಡು ಬರಬೇಕು. ಬ್ರೌಸರ್‌ನ ಕಡತ ಸಿಕ್ಕವನಿಗೆ ಪೂರ್ತಿ ನಂಬರ್ ಮತ್ತು ಅವಧಿ ಎರಡೂ ತಟ್ಟೆಯಲ್ಲಿಟ್ಟು ಕೊಟ್ಟಂತೆ, ಬಾಕಿ ಉಳಿಯುವುದು 3 ಅಂಕಿ. ಅದನ್ನೂ ಉಳಿಸಿಡಲೇ ಅಂತ ಈಗಿನ ಕ್ರೋಮ್ ಕೇಳುತ್ತದೆ, "ಸೇವ್ ಸೆಕ್ಯೂರಿಟಿ ಕೋಡ್ಸ್" ಅನ್ನುವ ಸ್ವಿಚ್. ಕಾರ್ಡ್ ಉದ್ಯಮದ ಪಿಸಿಐ ನಿಯಮದಲ್ಲಿ, ಪಾವತಿಗೆ ಒಪ್ಪಿಗೆ ಸಿಕ್ಕ ಮೇಲೆ ಅಂಗಡಿಯವನು ಸಿವಿವಿಯನ್ನು ಎನ್‌ಕ್ರಿಪ್ಟ್ ಮಾಡಿಯೂ ಇಟ್ಟುಕೊಳ್ಳುವಂತಿಲ್ಲ. ಅಂಗಡಿಯವನಿಗೇ ಬೇಡವೆಂದಿರುವ ವಸ್ತು ನಮ್ಮ ಹಳೇ ಲ್ಯಾಪ್‌ಟಾಪಿಗೆ ಯಾಕೆ? ಆ ಸ್ವಿಚ್ ಆಫ್ ಇರಲಿ.

ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಇಂಟರ್‌ನ್ಯಾಷನಲ್, ಕಾಂಟ್ಯಾಕ್ಟ್‌ಲೆಸ್ ಮೂರಕ್ಕೂ ಬೇರೆ ಬೇರೆ ಸ್ವಿಚ್ ಮತ್ತು ಮಿತಿ ಇರುತ್ತದೆ. 2020ರಿಂದ ಎಲ್ಲ ಬ್ಯಾಂಕುಗಳೂ ಇದನ್ನು ಕೊಡಲೇಬೇಕು. ಚಂದಾ ಎಷ್ಟೋ ಅದಕ್ಕಿಂತ ಸ್ವಲ್ಪ ಮೇಲೆ ಇಂಟರ್‌ನ್ಯಾಷನಲ್ ಮಿತಿ ಇಟ್ಟುಬಿಡಿ. 2 ಲಕ್ಷದ ಕಾರ್ಡಾದರೂ ಆ ದಾರಿಯಲ್ಲಿ 2,000 ರೂಪಾಯಿಗಿಂತ ಹೆಚ್ಚು ಹೋಗದಂತೆ ಮಾಡಬಹುದು. ನನ್ನ ಕೇಳಿದರೆ, ಬ್ರೌಸರ್ ಚರ್ಚೆಗಿಂತ ಈ ಒಂದು ಮಿತಿಯೇ ಹೆಚ್ಚು ಕೆಲಸ ಮಾಡುತ್ತದೆ.

ಜೋಳದರೊಟ್ಟಿ:

ಬಿಟ್_ಬೈಟ್ ಸರ್, ಒಂದು ತಕರಾರು. ಕೈಯಲ್ಲಿ ಒತ್ತಿದರೆ ಕೀಲಾಗರ್ (ಒತ್ತಿದ ಕೀಲಿಗಳನ್ನು ಬರೆದುಕೊಳ್ಳುವ ಕಳ್ಳ ಪ್ರೋಗ್ರಾಂ) ಕದಿಯುತ್ತದೆ, ಆಟೋಫಿಲ್ ಮಾಡಿದರೆ, ಅಂದರೆ ಬ್ರೌಸರೇ ತುಂಬಿದರೆ, ಕೀಲಿಯೇ ಒತ್ತುವುದಿಲ್ಲ. ಪಾಸ್‌ವರ್ಡ್ ವಿಷಯದಲ್ಲಿ ಬ್ರೌಸರ್‌ನಲ್ಲೇ ಇಡಿ, ನಕಲಿ ತಾಣದಲ್ಲಿ ಅದು ತುಂಬುವುದಿಲ್ಲ, ಅದೇ ಸುರಕ್ಷಿತ ಅಂತ ಹೇಳುತ್ತೇವೆ. ಕಾರ್ಡಿಗೆ ಮಾತ್ರ ಯಾಕೆ ಬೇರೆ ಮಾತು?

ಬಿಟ್_ಬೈಟ್:

ಒಳ್ಳೆ ಪ್ರಶ್ನೆ. ಪಾಸ್‌ವರ್ಡ್ ಒಂದು ವಿಳಾಸಕ್ಕೆ ಕಟ್ಟುಬಿದ್ದಿರುತ್ತದೆ. ವಿಳಾಸದಲ್ಲಿ ಒಂದಕ್ಷರ ಬದಲಾದರೂ ಬ್ರೌಸರ್ ಸುಮ್ಮನಿರುತ್ತದೆ, ಆ ಮೌನವೇ ನಿಮಗೆ ಎಚ್ಚರಿಕೆ. ಕಾರ್ಡ್ ಹಾಗಲ್ಲ. ಎಚ್‌ಟಿಟಿಪಿಎಸ್ (ಗುಪ್ತ ಸಂಪರ್ಕ) ಇರುವ ಯಾವ ಪುಟದಲ್ಲಿ ಕಾರ್ಡ್ ಫಾರಂ ಕಂಡರೂ ಬ್ರೌಸರ್ ನಿಮ್ಮ ಕಾರ್ಡನ್ನು ಪಟ್ಟಿಯಲ್ಲಿ ತೋರಿಸುತ್ತದೆ. "ನಿಮ್ಮ ವಿದ್ಯುತ್ ಸಂಪರ್ಕ ಇಂದು ರಾತ್ರಿ ಕಡಿತ" ಅಂತ ಬರುವ ಮೆಸೇಜಿನ ಲಿಂಕ್ ಒತ್ತಿದರೆ, ಆ ನಕಲಿ ಪುಟದಲ್ಲೂ ಅಷ್ಟೇ ವಿನಯದಿಂದ ತೋರಿಸುತ್ತದೆ. ಒಂದೇ ಸಮಾಧಾನ, ನೀವಾಗಿ ಆರಿಸುವ ತನಕ ತುಂಬುವುದಿಲ್ಲ.

ಕೀಲಾಗರ್ ಮಾತು ಅರ್ಧ ನಿಜ. ಬರೀ ಕೀಲಿ ಒತ್ತುವುದನ್ನು ಬರೆದುಕೊಳ್ಳುವ ಹಳೇ ಕಾಲದ ಕೀಲಾಗರ್‌ಗೆ ಆಟೋಫಿಲ್ ಕಾಣುವುದಿಲ್ಲ. ಆದರೆ ಈಗಿನವು ಕಡತವನ್ನೇ ಎತ್ತುತ್ತವೆ. ಕೈಯಲ್ಲಿ ಒತ್ತಿದರೆ ಆ ಹೊತ್ತಿಗೆ ಕಳ್ಳ ಅಲ್ಲಿರಬೇಕು, ಸೇವ್ ಮಾಡಿದರೆ ಆರು ತಿಂಗಳ ಬಳಿಕ ಬಂದರೂ ಸಾಕು.

ಇವೆರಡಕ್ಕೂ ಜಗ್ಗದ ಇನ್ನೊಂದು ಬಗೆ ಇದೆ: ಅಂಗಡಿಯ ಪುಟದೊಳಗೇ ಓಡುವ ಸಣ್ಣ ಕಳ್ಳ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ತಾಣದಲ್ಲಿ ಆದದ್ದು ಅದೇ, 22 ಸಾಲಿನ ಜಾವಾಸ್ಕ್ರಿಪ್ಟ್. ಅಲ್ಲಿ ನೀವು ಒತ್ತಿದ್ದರೂ ಹೋಗುತ್ತದೆ, ಬ್ರೌಸರ್ ತುಂಬಿದ್ದರೂ ಹೋಗುತ್ತದೆ. "ಎಲ್ಲ ತಾಣಗಳ ಡೇಟಾ ಓದಲು, ಬದಲಿಸಲು" ಅನುಮತಿ ಪಡೆದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಕೂಡ ಹೀಗೇ, ಪುಟದಲ್ಲಿ ತುಂಬಿದ ಸಿವಿವಿಯನ್ನೂ ಓದಬಲ್ಲದು. ಇಂಥ ಕಡೆ ಉಳಿಸುವುದು ಟೋಕನ್ ಒಂದೇ, ಯಾಕೆಂದರೆ ಪುಟದಲ್ಲಿ ಪೂರ್ತಿ ನಂಬರ್ ಬರುವುದೇ ಇಲ್ಲ.

ಬೇಏರಿಯಾಕನ್ನಡಿಗ:

ಅಮೆರಿಕದ ಕಾರ್ಡ್ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಸಾಮಾನ್ಯವಾಗಿ ಒಟಿಪಿ ಇಲ್ಲ, ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಅನಧಿಕೃತ ಖರ್ಚಾದರೆ ಕಾನೂನಿನ ಪ್ರಕಾರ ಹೊಣೆ ಹೆಚ್ಚೆಂದರೆ 50 ಡಾಲರ್. ಡೆಬಿಟ್ ಕಾರ್ಡಿಗೆ 2 ಕೆಲಸದ ದಿನದೊಳಗೆ ತಿಳಿಸಿದರೆ 50, ತಡವಾದರೆ 500ರವರೆಗೂ ಏರುತ್ತದೆ. ಹಾಗಾಗಿ ಡೆಬಿಟ್ ಕಾರ್ಡನ್ನು ಬ್ರೌಸರ್‌ಗೆ ಖಂಡಿತ ಕೊಡಬೇಡಿ. ಕ್ಯಾಪಿಟಲ್ ಒನ್ ಮುಂತಾದ ಕೆಲವು ಬ್ಯಾಂಕುಗಳ ಕಾರ್ಡಿಗೆ ಕ್ರೋಮ್‌ನಲ್ಲಿ ವರ್ಚುವಲ್ ನಂಬರ್ ಸಿಗುತ್ತದೆ, ಅಂಗಡಿಗೆ ನಿಜವಾದ ನಂಬರ್ ಹೋಗುವುದೇ ಇಲ್ಲ.

ತುಂಗಾತೀರ:

ತುಂಬಾ ಉಪಕಾರ ಆಯ್ತು. ನೋಡಿದರೆ ಈಗಾಗಲೇ ಎರಡು ಕಾರ್ಡ್ ಸೇವ್ ಆಗಿ ಕೂತಿವೆ! ತೆಗೆಯುವುದು ಹೇಗೆ? ಮೂರನೇ ಪ್ರಶ್ನೆಗೂ ಯಾರಾದರೂ ಹೇಳಿ. ಕೆಲವೊಮ್ಮೆ ಸೈಬರ್ ಸೆಂಟರ್‌ನಲ್ಲೂ ಅರ್ಜಿ ಶುಲ್ಕ ಕಟ್ಟಬೇಕಾಗುತ್ತದೆ.

ಬಿಟ್_ಬೈಟ್:

ಕ್ರೋಮ್‌ನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅಲ್ಲಿಂದ "ಆಟೋಫಿಲ್ ಅಂಡ್ ಪಾಸ್‌ವರ್ಡ್ಸ್", ಆಮೇಲೆ "ಪೇಮೆಂಟ್ ಮೆಥಡ್ಸ್". ಮೊದಲು ಮೇಲಿನ "ಸೇವ್ ಅಂಡ್ ಫಿಲ್" ಸ್ವಿಚ್ ಆಫ್ ಮಾಡಿ. ಆಫ್ ಮಾಡಿದ ಮಾತ್ರಕ್ಕೆ ಹಳೆಯವು ಅಳಿಯುವುದಿಲ್ಲ, ಎಲ್ಲರೂ ಇಲ್ಲೇ ಮೋಸ ಹೋಗುವುದು. ಕೆಳಗಿನ ಪಟ್ಟಿಯಲ್ಲಿ ಒಂದೊಂದೇ ಕಾರ್ಡಿನ ಪಕ್ಕದ ಚುಕ್ಕಿ ಒತ್ತಿ ಡಿಲೀಟ್ ಕೊಡಬೇಕು. ಡಿಲೀಟ್ ಬದಲು ಗೂಗಲ್ ಪೇ ಪುಟಕ್ಕೆ ಕರೆದೊಯ್ದರೆ ಆ ಕಾರ್ಡ್ ನಿಮ್ಮ ಗೂಗಲ್ ಖಾತೆಯಲ್ಲಿದೆ ಎಂದರ್ಥ, ಅಲ್ಲೇ ತೆಗೆಯಬೇಕು. ಬ್ರೌಸಿಂಗ್ ಡೇಟಾ ಅಳಿಸಿದರೂ ಅದು ಹೋಗುವುದಿಲ್ಲ.

ಫೈರ್‌ಫಾಕ್ಸ್ ಬಳಸುವವರಿಗೆ: ಪ್ರೈಮರಿ ಪಾಸ್‌ವರ್ಡ್ (ಸೇವ್ ಮಾಡಿದ್ದನ್ನು ಕಾಯುವ ಒಂದೇ ಪಾಸ್‌ವರ್ಡ್) ಇಟ್ಟಿದ್ದೇನೆ ಅಂತ ನಿಶ್ಚಿಂತರಾಗಬೇಡಿ, ಅದು ಪಾಸ್‌ವರ್ಡ್‌ಗಳಿಗೆ ಮಾತ್ರ, ಕಾರ್ಡಿಗಲ್ಲ. ಕಾರ್ಡಿಗೆ ಬೇರೆ ಸ್ವಿಚ್ ಇದೆ, ತುಂಬುವ ಮುಂಚೆ ವಿಂಡೋಸ್ ಪಿನ್ ಕೇಳುವಂಥದ್ದು. ಕ್ರೋಮ್‌ನಲ್ಲೂ ಅಂಥದ್ದೇ ಒಂದು ಇದೆ. ಇವು ಪಕ್ಕದಲ್ಲಿ ಕೂತವರನ್ನು, ಮಕ್ಕಳನ್ನು ತಡೆಯುತ್ತವೆ. ಕಡತ ಕದಿಯುವ ಪ್ರೋಗ್ರಾಂ ಮುಂದೆ ಇವುಗಳ ಆಟ ನಡೆಯುವುದಿಲ್ಲ.

ಪದೇ ಪದೇ ಹೋಗುವ ನಾಲ್ಕೈದು ಇಂಡಿಯಾದ ತಾಣಗಳಲ್ಲಿ ತಾಣದ ಒಳಗೇ ಟೋಕನ್ ಮಾಡಿಕೊಳ್ಳಿ. ಉಳಿದ ಕಡೆಗೆ ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿಯಂಥ ಪಾಸ್‌ವರ್ಡ್ ಮ್ಯಾನೇಜರ್. ಅದರ ಕೀಲಿ ಹುಟ್ಟುವುದು ನಿಮ್ಮ ತಲೆಯಲ್ಲಿರುವ ಮಾಸ್ಟರ್ ಪಾಸ್‌ವರ್ಡ್‌ನಿಂದ, ಗೂಟಕ್ಕೆ ನೇತು ಬಿದ್ದಿರುವುದಿಲ್ಲ. 5 ನಿಮಿಷಕ್ಕೆ ತಾನೇ ಲಾಕ್ ಆಗುವಂತೆ ಇಡಿ, ದಿನವಿಡೀ ತೆರೆದಿಟ್ಟರೆ ಇದೂ ಬ್ರೌಸರ್‌ನಷ್ಟೇ. ಸಿವಿವಿ ಅದರಲ್ಲೂ ಬೇಡ, 3 ಅಂಕಿ ನೆನಪಿಟ್ಟುಕೊಳ್ಳಬಹುದು.

ಸೈಬರ್ ಸೆಂಟರ್‌ನಲ್ಲಿ ಕಾರ್ಡ್ ನಂಬರ್ ಒತ್ತಲೇಬೇಡಿ. ಕ್ಯೂಆರ್ ಬಂದರೆ ನಿಮ್ಮ ಫೋನಿನ ಯುಪಿಐನಿಂದ ಕಟ್ಟಿ. ರುಪೇ ಕ್ರೆಡಿಟ್ ಕಾರ್ಡ್ ಆಗಿದ್ದರೆ ಅದನ್ನೇ ಯುಪಿಐಗೆ ಜೋಡಿಸಿಕೊಳ್ಳಬಹುದು.

ಲೆಕ್ಕಪತ್ರ:

ಇಷ್ಟಾದರೂ ಗೊತ್ತಿಲ್ಲದ ಖರ್ಚಿನ ಎಸ್‌ಎಂಎಸ್ ಬಂತು ಅನ್ನಿ. ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ನಿಮ್ಮದೂ ಅಲ್ಲ ಎನ್ನುವಂಥ ಪ್ರಕರಣದಲ್ಲಿ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನ ಆದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ, ಅದಕ್ಕೂ ದೊಡ್ಡ ಮಿತಿಗೆ 25,000. ಒಟಿಪಿ ನೀವೇ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಪೂರ್ತಿ ನಿಮ್ಮದೇ.

ಇನ್ನೊಂದು, ಹೊಸ ಕಾರ್ಡ್ ಬಂದ ಮೇಲೆ ಮಗನ ಕೋರ್ಸಿನ ಚಂದಾಕ್ಕೆ ಹೊಸ ನಂಬರ್ ಕೊಡಬೇಕು, ಮೆಸ್ಕಾಂ ಬಿಲ್ಲಿಗೆ ಆಟೋ ಪೇ (ತಾನಾಗಿ ಕಟ್ಟುವ ವ್ಯವಸ್ಥೆ) ಇಟ್ಟಿದ್ದರೆ ಅದಕ್ಕೂ ಮತ್ತೆ ಒಟಿಪಿ ಕೊಟ್ಟು ಒಪ್ಪಿಗೆ ಹಾಕಬೇಕು. ಅದು ಆಗುವ ತನಕ ಆ ಬಿಲ್ಲನ್ನು ಕೈಯಾರೆ ಕಟ್ಟುತ್ತಿರಿ.

ತುಂಗಾತೀರ:

ಎರಡೂ ಕಾರ್ಡ್ ತೆಗೆದೆ. ಒಂದು ಗೂಗಲ್ ಖಾತೆಯಲ್ಲೇ ಕೂತಿತ್ತು, ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಇಂಟರ್‌ನ್ಯಾಷನಲ್ ಮಿತಿ 1,500ಕ್ಕೆ ಇಳಿಸಿದ್ದೇನೆ. ಮಗನಿಗೆ ಬೇರೆ ವಿಂಡೋಸ್ ಲಾಗಿನ್ ಮಾಡಿಕೊಡುತ್ತೇನೆ.

ಬಿಟ್_ಬೈಟ್:

ಅವನ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಕೊಡಬೇಡಿ, "ಸ್ಟ್ಯಾಂಡರ್ಡ್ ಯೂಸರ್" ಆಗಿರಲಿ. ಕ್ರೋಮ್ ಒಳಗೆ ಬೇರೆ ಪ್ರೊಫೈಲ್ ಮಾಡಿದರೆ ಸಾಲದು, ಅವೆಲ್ಲ ಒಂದೇ ಯೂಸರ್ ಫೋಲ್ಡರಿನೊಳಗೇ ಇರುತ್ತವೆ.