ಗಡಿ ದಾಟದೆ ಊರು ಬಿಟ್ಟವರಿಗೆ ಏನನ್ನೋಣ? (ತುರ್ತು)

ನಮಸ್ಕಾರ. ಒಂದು ಫೋಟೋ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ವಿಷಯ ದಕ್ಷಿಣ ಸುಡಾನಿನ ಮಲಕಾಲ್ ಪಟ್ಟಣ. 2013ರ ಡಿಸೆಂಬರಿನಲ್ಲಿ ರಾಜಧಾನಿ ಜುಬಾದಲ್ಲಿ ಶುರುವಾದ ಕಾದಾಟ ಹಬ್ಬಿದಾಗ ಸಾವಿರಾರು ಜನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೆಲೆಗಳಿಗೆ ಓಡಿಬಂದರು. ಗೇಟು ತೆರೆದು ಒಳಗೆ ಬಿಟ್ಟುಕೊಂಡರು. ನಾಲ್ಕು ದಿನದ ಮಾತು ಅಂದುಕೊಂಡಿದ್ದು ವರ್ಷಗಟ್ಟಲೆ ಆಯ್ತು. ಇವರು ಗಡಿ ದಾಟಿಲ್ಲ. ಹಾಗಾಗಿ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದದ ಲೆಕ್ಕದಲ್ಲಿ 'ನಿರಾಶ್ರಿತರು' ಅಲ್ಲ. 'ಆಂತರಿಕ ಸ್ಥಳಾಂತರಿತ ವ್ಯಕ್ತಿಗಳು' ಅಂದರೆ ಫಲಕದಲ್ಲಿ ಜಾಗವೇ ಉಳಿಯಲ್ಲ. ಚಿಕ್ಕ ಪದ ಬೇಕು. ಬೇಲಿಯೊಳಗೆ ಅವರಿದ್ದ ಜಾಗಕ್ಕೆ 'ಸುರಕ್ಷಿತ ತಾಣ' ಅನ್ನಬಹುದಾ?

ಮರು:
ಸ್ಥಳಾಂತರ ಆಗುವುದು ಕಚೇರಿ, ಬಸ್ ಸ್ಟಾಪು. ಆಲಮಟ್ಟಿಯ ಮುಳುಗಡೆ ಸಂತ್ರಸ್ತರು ಗಡಿ ದಾಟಿದ್ದರಾ? 'ಯುದ್ಧ ಸಂತ್ರಸ್ತರು' ಅನ್ನಿ. ಮುಗೀತು.

ಮರು:
> ಮುಗೀತು.
ಮುಗಿಯಲಿಲ್ಲ. ಸಂತ್ರಸ್ತ ಅಂದರೆ ಹೆದರಿದವನು. ಊರಲ್ಲೇ ಉಳಿದು ಕಾಲು ಕಳೆದುಕೊಂಡವನೂ ಯುದ್ಧ ಸಂತ್ರಸ್ತನೇ. ನಿಮಗೆ ಬೇಕಾದ್ದು 'ವಲಸೆ'. ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಈ ಪದವನ್ನು ವಿವರಿಸಿದ್ದಾನೆ. ವೈರಿಯ ದಂಡು ಬರುತ್ತಿದೆ ಅಂದರೆ ಜನ ಸಾಮಾನು ಹೂತಿಟ್ಟು, ಕಾಳು ಹೊತ್ತು, ಕಾಡಿಗೋ ಗುಡ್ಡಕ್ಕೋ ಗಟ್ಟಿ ಕೋಟೆಗೋ ಹೊರಡುತ್ತಿದ್ದರು. ಹಾಗೆ ಹೊರಟ ಜನವೇ ಆ ಸೀಮೆಯ 'ವಲಸೆ'. ಯುರೋಪಿನ ನುಡಿಗಳಲ್ಲಿ ಇದನ್ನು ಸುತ್ತಿ ಬಳಸಿ ಹೇಳಬೇಕು, ಇಲ್ಲಿ ಒಂದೇ ಪದ ಸಾಕು ಅಂತಾನೆ. ಕೋಟೆಯ ಬದಲು ವಿಶ್ವಸಂಸ್ಥೆಯ ಬೇಲಿ. ಬೇರೇನು ವ್ಯತ್ಯಾಸ?

ಮರು:
ಇನ್ನೂರು ವರ್ಷದ ವ್ಯತ್ಯಾಸ ಸಾರ್. ಇವತ್ತು ವಲಸೆ ಅಂದರೆ ಕೂಲಿಗೆ ಹೋದವರು, ಇಲ್ಲವೇ ಹಕ್ಕಿ. 'ನೆಲೆ ತಪ್ಪಿದವರು' ಅನ್ನಿ, ಅಚ್ಚಗನ್ನಡ. 'ಶಾಂತಿಪಾಲನಾ ಪಡೆ'ಯನ್ನೂ ಬಿಟ್ಟು 'ನೆಮ್ಮದಿ ಕಾಪು ಪಡೆ' ಮಾಡಿ. ಎಷ್ಟು ದಿನ ಸಂಸ್ಕೃತದ ಸಾಲದಲ್ಲಿ ಬದುಕೋದು?

ಮರು:
ನೆಮ್ಮದಿ ಕಾಪು! ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡಾಗ ಇಂಥದೇ ಪಡೆಯ ದಂಡನಾಯಕರು. ಕೊಡಗಿಗೆ ಹೋಗಿ ಅವರನ್ನು ನೆಮ್ಮದಿ ಕಾಪಿನವರು ಅಂದು ನೋಡಿ. ಪ್ರಿಂಟು, ಗೇಟು ಆಗುತ್ತೆ, ಊರೂರಲ್ಲಿ ಹೆಣ್ಣುಮಕ್ಕಳ ಹೆಸರಾಗಿರುವ 'ಶಾಂತಿ' ಮಾತ್ರ ಆಗಲ್ವಾ?

ಮರು:
ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಮೇಡಂ, 'ಸುರಕ್ಷಿತ' ಬೇಡವೇ ಬೇಡ. 2016ರ ಫೆಬ್ರವರಿಯಲ್ಲಿ ಮಲಕಾಲ್‌ನ ಬೇಲಿಯೊಳಗೇ ದಾಳಿಯಾಗಿ 25ಕ್ಕೂ ಹೆಚ್ಚು ಜನ ಸತ್ತರು, ಗುಡಿಸಲುಗಳು ಸುಟ್ಟುಹೋದವು. ಅದಕ್ಕೂ ಮೊದಲು, 2013ರಲ್ಲಿ, ಅದೇ ದೇಶದ ಅಕೋಬೊದಲ್ಲಿ ವಿಶ್ವಸಂಸ್ಥೆಯ ನೆಲೆಗೆ ನುಗ್ಗಿದವರು ಇಬ್ಬರು ಭಾರತೀಯ ಸೈನಿಕರನ್ನೂ ಕೊಂದಿದ್ದರು. 'ರಕ್ಷಣಾ ತಾಣ' ಅಂದರೆ ಕೆಲಸದ ಹೆಸರು. 'ಸುರಕ್ಷಿತ' ಅಂದರೆ ಸುಳ್ಳು. 'ಸಂರಕ್ಷಣೆ'ಯೂ ಬೇಡ, ಅದು ಹುಲಿಗೆ, ಕೆರೆಗೆ.

ಮರು:
'ರಕ್ಷಣಾ ತಾಣ' ಹಾಕಿದೆ. ಮೊದಲ ಫಲಕದಲ್ಲಿ 'ದೇಶದೊಳಗೇ ನೆಲೆ ತಪ್ಪಿದವರು', ಆಮೇಲೆ ಬರೀ 'ನೆಲೆ ತಪ್ಪಿದವರು'. ಪಡೆಯನ್ನು ಮುಟ್ಟಿಲ್ಲ. ಈಗ ಹೊಸ ತಲೆನೋವು: 'ನೆಲೆ ತಪ್ಪಿದವರು ವಿಶ್ವಸಂಸ್ಥೆಯ ನೆಲೆಗೆ ಬಂದರು' ಅಂತಾಗಿದೆ. ಡಿಸೈನ್ ಮಾಡುವ ಹುಡುಗ ನಗುತ್ತಿದ್ದಾನೆ. ಎರಡನೆಯದನ್ನು 'ಶಿಬಿರ' ಮಾಡಲಾ?

ಮರು:
ಶಿಬಿರ ಸಂಸ್ಕೃತ. 'ಬೀಡು' ಅನ್ನಿ.