ದಾರಿ ತೋರುವ ಕಂದು ಬೋರ್ಡಿಗೆ ‘ಕೈಮರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಗೋವಾದ ಫೋಂಡಾ ಕಡೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಹೋಮ್‌ಸ್ಟೇ, ಖಾನಾವಳಿ ನಡೆಸುವವರಲ್ಲಿ, ಮಸಾಲೆ ತೋಟ ತೋರಿಸುವವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ದೊಡ್ಡ ರಸ್ತೆಯಿಂದ ತಮ್ಮ ಜಾಗಕ್ಕೆ ದಾರಿ ತೋರುವ ಬೋರ್ಡು ಬೇಕಿದ್ದರೆ ಅರ್ಜಿ ಹಾಕುವುದು ಹೇಗೆ ಅಂತ ಅವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಬರೆಯಲು ಕೂತರೆ ಮುಖ್ಯವಾದ ಪದವೇ ಸಿಗುತ್ತಿಲ್ಲ.

ನಾನು ಕೇಳುತ್ತಿರುವುದು ಕಂದು ಬಣ್ಣದ ಮೇಲೆ ಬಿಳಿ ಅಕ್ಷರದ ಬೋರ್ಡಿನ ಬಗ್ಗೆ. ನಮ್ಮ ದೇಶದಲ್ಲಿ ರಸ್ತೆ ಫಲಕಗಳ ಅಳತೆ, ಬಣ್ಣ, ಅಕ್ಷರ ಎಲ್ಲವನ್ನೂ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 67 ಎಂಬ ಸಂಹಿತೆ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಊರಿನ ದಾರಿ ತೋರಿಸುವುದು ಹಸಿರು ಬೋರ್ಡು. ಪೆಟ್ರೋಲ್ ಬಂಕ್, ಆಸ್ಪತ್ರೆಯಂಥ ಸೌಕರ್ಯಕ್ಕೆ ನೀಲಿ. ಪ್ರವಾಸಿಗರು ನೋಡಲು ಬರುವ ಜಾಗಕ್ಕೆ ಕಂದು. ಬ್ರಿಟನ್ನಿನಲ್ಲೂ ಪ್ರವಾಸಿ ಬೋರ್ಡು ಕಂದೇ. ಅಲ್ಲಿ ತೋಟ, ಮ್ಯೂಸಿಯಂ ನಡೆಸುವವರು ರಸ್ತೆ ನೋಡಿಕೊಳ್ಳುವ ಸಂಸ್ಥೆಗೆ ಅರ್ಜಿ ಹಾಕುತ್ತಾರೆ. ಒಪ್ಪಿಗೆ ಸಿಕ್ಕರೆ ಸಾಮಾನ್ಯವಾಗಿ ಖರ್ಚೂ ಅವರದೇ. ಆದರೆ ಬೋರ್ಡು ತಮ್ಮ ಇಷ್ಟದಂತೆ ಮಾಡಿಸುವ ಹಾಗಿಲ್ಲ.

ತೊಡಕು ಶುರುವಾಗುವುದು ‘ಬೋರ್ಡು’ ಅನ್ನುವಲ್ಲೇ. ಅಂಗಡಿ ಮೇಲಿನ ಹೆಸರೂ ಬೋರ್ಡು, ಹೆದ್ದಾರಿ ಪಕ್ಕದ ಜಾಹೀರಾತೂ ಬೋರ್ಡು, ದಾರಿ ತೋರುವ ಬಾಣವೂ ಬೋರ್ಡು. ನಮ್ಮ ಪರಿಚಯದವರೊಬ್ಬರು ‘ರಸ್ತೆ ಬದಿ ಬೋರ್ಡು ಹಾಕಲು ಅನುಮತಿ ಕೊಡಿ’ ಅಂತ ಅರ್ಜಿ ಕೊಟ್ಟರು. ಕಚೇರಿಯವರು ಅದನ್ನು ಜಾಹೀರಾತು ಅಂತಲೇ ಓದಿದರು. ಹೋರ್ಡಿಂಗ್ ಶುಲ್ಕದ ಕಾಗದ ಬಂತು. ಎರಡೂ ಬೇರೆ ಬೇರೆ ಅಲ್ವಾ? ಜಾಹೀರಾತು ‘ನಮ್ಮಲ್ಲಿಗೆ ಬನ್ನಿ’ ಅನ್ನುತ್ತದೆ. ಇದು, ಬರಲು ಹೊರಟವರು ತಿರುವು ತಪ್ಪಿ ಹೆದ್ದಾರಿಯಲ್ಲಿ ಗಕ್ಕನೆ ಬ್ರೇಕ್ ಹಾಕದಿರಲಿ ಅಂತ ಇರುವುದು. ಬೆಳಗಾವಿ, ಹುಬ್ಬಳ್ಳಿಯಿಂದ ಅನಮೋಡ ಘಾಟಿ ಇಳಿದು ಮೊಲೆಂ ದಾಟಿ ಬರುವ ಗಾಡಿಗಳು ಇಲ್ಲಿ ಜಾಸ್ತಿ. ಆ ಚಾಲಕರಿಗೆ ಬೇಕಾದದ್ದು ಬರೀ ಹೆಸರು, ಬಾಣ, ಎಷ್ಟು ಕಿಲೋಮೀಟರ್ ಅನ್ನುವುದು.

‘ಫಲಕ’ ಅಂದರೂ ಇದೇ ಗೊಂದಲ. ಜಾಹೀರಾತು ಫಲಕ, ನಾಮಫಲಕ ಎಲ್ಲವೂ ಅದರೊಳಗೇ ಬರುತ್ತವೆ. ‘ಮಾರ್ಗಸೂಚಿ’ ಚೆನ್ನಾಗಿತ್ತು, ಆದರೆ ಈಗ ಅದನ್ನು ಸರ್ಕಾರದ ನಿಯಮಾವಳಿಗೆ ಬಳಸಿ ಬಳಸಿ ಆ ಅರ್ಥವೇ ಗಟ್ಟಿಯಾಗಿದೆ. ‘ದಿಕ್ಸೂಚಿ’ ಅಂದರೆ ಹಡಗಿನ ಉಪಕರಣ. ಇಲ್ಲಿ ಮರಾಠಿ ಬಲ್ಲವರು ‘ದಿಶಾದರ್ಶಕ ಫಲಕ’ ಅನ್ನುತ್ತಾರೆ. ಅರ್ಥ ಸ್ಪಷ್ಟ, ಆದರೆ ಖಾನಾವಳಿ ನಡೆಸುವ ಅಕ್ಕನ ಬಾಯಿಗೆ ಅದು ಒಗ್ಗುವುದು ಕಷ್ಟ.

ಹಾಗಾಗಿ ನನ್ನ ಮನಸ್ಸು ‘ಕೈಮರ’ದ ಕಡೆ ವಾಲುತ್ತಿದೆ. ಕವಲುದಾರಿಯಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಕೈಯಂತೆ ಚಾಚಿದ ಹಲಗೆ ಹೊಡೆದು ಊರಿನ ಹೆಸರು ಬರೆಯುತ್ತಿದ್ದರಲ್ಲ, ಅದೇ ಕೈಮರ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕೈಮರ ಅಂತ ಜಾಗವೇ ಇದೆ. ದಕ್ಷಿಣ ಕನ್ನಡದಲ್ಲಿ ಅದು ‘ಕೈಕಂಬ’. ಗುರುಪುರ ಕೈಕಂಬ, ಬಿ.ಸಿ. ರೋಡ್ ಕೈಕಂಬ, ಸುಬ್ರಹ್ಮಣ್ಯಕ್ಕೆ ಹೋಗುವಾಗ ಸಿಗುವ ಕೈಕಂಬ, ಎಲ್ಲವೂ ದಾರಿ ಒಡೆಯುವ ಜಾಗಗಳೇ. ಪದ ಇಷ್ಟು ಜೀವಂತ ಇರುವಾಗ ಹೊಸದೊಂದನ್ನು ಕಟ್ಟುವುದು ಯಾಕೆ? ಕೈಮರ ಅಂದರೆ ಅದನ್ನು ಯಾರೂ ಜಾಹೀರಾತು ಅಂದುಕೊಳ್ಳಲಾರರು. ನನಗೆ ಅದೇ ದೊಡ್ಡ ಲಾಭ ಅನಿಸುತ್ತದೆ.

ಒಂದು ಅನುಮಾನ ಉಳಿದಿದೆ. ಒಂದೇ ಜಾಗಕ್ಕೆ ಮೂರು ಬಗೆಯ ಬೋರ್ಡು ಇರಬಹುದು. ತಿರುವು ಬರುವ ಮೊದಲೇ ಎಚ್ಚರಿಸುವುದು ಒಂದು. ತಿರುವಿನಲ್ಲೇ ನಿಂತು ಬಾಣ ತೋರುವುದು ಇನ್ನೊಂದು. ತಿರುಗಿದ ಮೇಲೆ ‘ಸರಿಯಾದ ದಾರಿಯಲ್ಲೇ ಇದ್ದೀರಿ’ ಅಂತ ದೂರ ತಿಳಿಸುವುದು ಮತ್ತೊಂದು. ಕೈಮರ ಸರಿಯಾಗಿ ಹೊಂದುವುದು ನಡುವಿನದಕ್ಕೆ ಮಾತ್ರ. ಮೊದಲನೆಯದಕ್ಕೆ ‘ಮುಂಗೈಮರ’ ಅಂತ ಒಬ್ಬರು ಸೂಚಿಸಿದರು. ಓದಿದವರಿಗೆ ಮುಂಗೈ ನೆನಪಾಗುತ್ತದೆ, ಬೇಡ. ‘ಮುನ್ಸೂಚನೆ ಫಲಕ’ ಅಂದರೆ ಮಳೆಯ ವಿಷಯ ಅನಿಸುತ್ತದೆ. ಮೂರನೆಯದಕ್ಕೆ ‘ಖಾತ್ರಿ ಫಲಕ’ ಇರಲಿ ಅಂತ ನನ್ನ ಆಸೆ. ‘ಖಾತ್ರಿ’ ಗಡಿಭಾಗದವರಿಗೆ ಬೇಗ ಹಿಡಿಯುತ್ತದೆ, ಮೈಸೂರು ಕಡೆಯವರಿಗೂ ಗೊತ್ತು. ಮೂರಕ್ಕೂ ಸೇರಿಸಿ ಕೈಪಿಡಿಯ ತಲೆಬರಹದಲ್ಲಿ ‘ಪ್ರವಾಸಿ ಕೈಮರ’ ಅಂತ ಹಾಕಿದರೆ ತಪ್ಪಾಗುತ್ತದೆಯೇ?

ಇನ್ನೊಂದು ಪ್ರಶ್ನೆ ಅರ್ಜಿದಾರರ ಬಗ್ಗೆ. ಗೋವಾದಲ್ಲಿ ಹೋಟೆಲು, ಗೆಸ್ಟ್‌ಹೌಸ್ ನಡೆಸುವವರು 1982ರ ಟೂರಿಸ್ಟ್ ಟ್ರೇಡ್ ನೋಂದಣಿ ಕಾಯ್ದೆಯಡಿ ಹೆಸರು ಬರೆಸಬೇಕು. ಈ ‘ಟೂರಿಸ್ಟ್ ಟ್ರೇಡ್’ಗೆ ‘ಪ್ರವಾಸೋದ್ಯಮ’ ಅಂದರೆ ಇಡೀ ಇಲಾಖೆಯೇ ಕಣ್ಣಮುಂದೆ ಬರುತ್ತದೆ. ‘ಪ್ರವಾಸಿ ತಾಣ’ ಅಂದರೆ ತಾಂಬಡಿ ಸುರ್ಲಾದ ಮಹಾದೇವ ಗುಡಿಯೋ ದೂಧ್‌ಸಾಗರವೋ ಆಗುತ್ತದೆ, ಮೂರು ಕೋಣೆಯ ಹೋಮ್‌ಸ್ಟೇ ಆಗುವುದಿಲ್ಲ. ನಾನು ಸದ್ಯಕ್ಕೆ ‘ಪ್ರವಾಸಿ ವ್ಯವಹಾರ’ ಅಂತ ಬರೆದಿದ್ದೇನೆ. ಇದಕ್ಕಿಂತ ಸುಲಭದ್ದು ಇದ್ದರೆ ಹೇಳಿ.

ಫಲಕದ ಮೇಲೆ ಕನ್ನಡ ಬರೆಯಬೇಕು ಅಂತ ನಾನು ಕೇಳುತ್ತಿಲ್ಲ. ಅಧಿಕೃತ ಅರ್ಜಿಯೂ ಇಂಗ್ಲಿಷಿನಲ್ಲೇ ಹೋಗುತ್ತದೆ. ಏನು ಕೇಳುತ್ತಿದ್ದೇವೆ ಅನ್ನುವುದು ಅರ್ಜಿ ಹಾಕುವವರಿಗೆ ತಮ್ಮ ಭಾಷೆಯಲ್ಲಿ ಸರಿಯಾಗಿ ಗೊತ್ತಿರಲಿ ಅಂತಷ್ಟೇ.

ಮಲೆನಾಡಿನವರು, ಕರಾವಳಿಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಕೈಮರ, ಕೈಕಂಬ ಈಗಲೂ ವಸ್ತುವಿನ ಹೆಸರಾಗಿ ಬಳಕೆಯಲ್ಲಿವೆಯೇ, ಅಥವಾ ಬರೀ ಜಾಗದ ಹೆಸರಾಗಿವೆಯೇ? ಉತ್ತರ ಕರ್ನಾಟಕದ ಕಡೆ ಇದಕ್ಕೆ ಬೇರೆ ಪದ ಇದೆಯೇ? ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರಿದ್ದರೆ, ರಸ್ತೆಯಲ್ಲಿ ಕೆಲಸಗಾರರು ಈ ಬೋರ್ಡುಗಳನ್ನು ಏನಂತ ಕರೆಯುತ್ತಾರೆ ಅನ್ನುವುದನ್ನೂ ಬರೆಯಿರಿ.