ಮ್ಯಾಕ್ಸ್‌ಸ್ಕೇಲ್ ಮಾನಿಟರ್: ಪ್ರೈಮರಿ ಬಿದ್ದರೂ ಫೇಲ್‌ಓವರ್ ಆಗುತ್ತಿಲ್ಲ

ಪ್ರಶ್ನೆ:
ಮರಿಯಾಡಿಬಿ 10.6 ಡೇಟಾಬೇಸ್, ಒಂದು ಪ್ರೈಮರಿ (ಮುಖ್ಯ ಸರ್ವರ್), ಎರಡು ರೆಪ್ಲಿಕಾ (ಅದರ ನಕಲು ಸರ್ವರ್‌ಗಳು). ಮ್ಯಾಕ್ಸ್‌ಸ್ಕೇಲ್ (ಈ ಸರ್ವರ್‌ಗಳ ಮುಂದೆ ಕೂರುವ ಪ್ರಾಕ್ಸಿ) ಮಾನಿಟರ್‌ನಲ್ಲಿ ಆಟೋ ಫೇಲ್‌ಓವರ್ (ಪ್ರೈಮರಿ ಬಿದ್ದರೆ ಒಂದು ರೆಪ್ಲಿಕಾವನ್ನು ತಾನೇ ಆ ಜಾಗಕ್ಕೆ ತರುವುದು) ಆನ್ ಇದೆ. ಪ್ರೈಮರಿ ನಿಲ್ಲಿಸಿದರೆ ‘ಡೌನ್’ ಅಂತ ತೋರಿಸುತ್ತದೆ, ಅಷ್ಟೇ. ಯಾವ ರೆಪ್ಲಿಕಾವೂ ಆ ಜಾಗಕ್ಕೆ ಬರುತ್ತಿಲ್ಲ. ಎಲ್ಲಿ ನೋಡಬೇಕು?

ಉತ್ತರ 1:
ರೆಪ್ಲಿಕಾದಲ್ಲಿ ‘ಶೋ ಸ್ಲೇವ್ ಸ್ಟೇಟಸ್’ (ಸ್ಲೇವ್ ಅಂದರೆ ರೆಪ್ಲಿಕಾ) ಕೊಟ್ಟು ‘ಯೂಸಿಂಗ್ ಜಿಟಿಐಡಿ’ ಸಾಲು ನೋಡಿ. ಜಿಟಿಐಡಿ ಅಂದರೆ ಪ್ರತಿ ಟ್ರಾನ್ಸಾಕ್ಷನ್‌ಗೂ ಇರುವ ಪ್ರತ್ಯೇಕ ಗುರುತು. ‘ನೋ’ ಅಂತಿದ್ದರೆ ಕಾರಣ ಅದೇ: ಫೈಲ್-ಪೊಸಿಷನ್ ರೆಪ್ಲಿಕೇಶನ್ (ಲಾಗ್ ಫೈಲ್ ಹೆಸರು, ಅದರೊಳಗಿನ ಸ್ಥಾನ ಹಿಡಿದು ನಕಲು ಮಾಡುವುದು) ಇದ್ದಲ್ಲಿ ಈ ಮಾನಿಟರ್ ಫೇಲ್‌ಓವರ್ ಮಾಡುವುದಿಲ್ಲ. ಸ್ಲೇವ್ ನಿಲ್ಲಿಸಿ, ‘ಚೇಂಜ್ ಮಾಸ್ಟರ್’ ಕಮಾಂಡ್‌ನಲ್ಲಿ ಜಿಟಿಐಡಿ ಆಯ್ಕೆಯನ್ನು ‘ಸ್ಲೇವ್_ಪಾಸ್’ ಮಾಡಿ ಮತ್ತೆ ಶುರು ಮಾಡಿ. ರೆಪ್ಲಿಕಾಗಳಲ್ಲೂ ಬೈನರಿ ಲಾಗ್ (ಬದಲಾವಣೆಗಳ ದಾಖಲೆ), ‘ಲಾಗ್ ಸ್ಲೇವ್ ಅಪ್‌ಡೇಟ್ಸ್’ (ಪ್ರೈಮರಿಯಿಂದ ಬಂದ ಬದಲಾವಣೆಗಳನ್ನೂ ಅದರಲ್ಲಿ ಬರೆಯುವ ಆಯ್ಕೆ) ಎರಡೂ ಆನ್ ಇರಲಿ.

ಡೀಫಾಲ್ಟ್‌ನಲ್ಲಿ ಮಾನಿಟರ್ ಅವಧಿ (ಎರಡು ತಪಾಸಣೆಗಳ ನಡುವಿನ ಸಮಯ) 2000 ಮಿಲಿಸೆಕೆಂಡ್, ಫೇಲ್‌ಕೌಂಟ್ (ಸತತ ಎಷ್ಟು ತಪಾಸಣೆಯಲ್ಲಿ ಪ್ರೈಮರಿ ಡೌನ್ ಇದ್ದರೆ ಫೇಲ್‌ಓವರ್ ಅನ್ನುವ ಎಣಿಕೆ) 5. ಅಂದರೆ ಸುಮಾರು 10 ಸೆಕೆಂಡ್ ಕಾಯಲೇಬೇಕು. ಅವಸರಕ್ಕೆ ಫೇಲ್‌ಕೌಂಟ್ 1 ಮಾಡಬೇಡಿ. ನೆಟ್‌ವರ್ಕ್ ಒಮ್ಮೆ ತಡವರಿಸಿದರೂ ಪ್ರೈಮರಿ ಬದಲಾಗಿಬಿಡಬಹುದು.

ಉತ್ತರ 2:
ಮಾನಿಟರ್ ಯೂಸರ್‌ನ ಗ್ರಾಂಟ್ (ಡೇಟಾಬೇಸ್‌ನಲ್ಲಿ ಕೊಟ್ಟ ಹಕ್ಕು) ಕೂಡ ನೋಡಿ. ಮರಿಯಾಡಿಬಿ 10.5.9ರಿಂದ ಸ್ಲೇವ್ ಸ್ಟೇಟಸ್ ಓದಲು ‘ರೆಪ್ಲಿಕಾ ಮಾನಿಟರ್’ ಹಕ್ಕು ಬೇಕು, ಹಳೆಯ ‘ರೆಪ್ಲಿಕೇಶನ್ ಕ್ಲೈಂಟ್’ ಸಾಲದು. ಹಳೇ ಸ್ಕ್ರಿಪ್ಟ್ ಓಡಿಸಿದವರು ಎಡವುವುದು ಇಲ್ಲೇ.

ಉತ್ತರ 3:
ಎರಡು ಮ್ಯಾಕ್ಸ್‌ಸ್ಕೇಲ್ ಇದ್ದರೆ ಕೋಆಪರೇಟಿವ್ ಮಾನಿಟರಿಂಗ್ ಲಾಕ್ಸ್‌ಗೆ (ಒಮ್ಮೆಗೆ ಒಂದೇ ಮ್ಯಾಕ್ಸ್‌ಸ್ಕೇಲ್ ಫೇಲ್‌ಓವರ್ ಮಾಡುವಂತೆ ನೋಡುವ ಸೆಟ್ಟಿಂಗ್) ‘ಮೆಜಾರಿಟಿ ಆಫ್ ಆಲ್’ ಕೊಡಿ. ಇಲ್ಲವಾದರೆ ಎರಡೂ ಒಟ್ಟಿಗೆ ಫೇಲ್‌ಓವರ್‌ಗೆ ಕೈಹಾಕಬಹುದು. ಹಳೆಯ ಪ್ರೈಮರಿಯಲ್ಲಿ ಬೇರೆಲ್ಲೂ ಇಲ್ಲದ ಟ್ರಾನ್ಸಾಕ್ಷನ್ ಉಳಿದಿದ್ದರೆ ಆಟೋ ರೀಜಾಯಿನ್ (ಮರಳಿ ಬಂದ ಸರ್ವರನ್ನು ತಾನೇ ರೆಪ್ಲಿಕಾ ಮಾಡುವುದು) ಆ ಸರ್ವರನ್ನು ಸೇರಿಸಿಕೊಳ್ಳುವುದಿಲ್ಲ. ಆಗ ಮರಿಯಾಬ್ಯಾಕಪ್ (ಮರಿಯಾಡಿಬಿಯ ಬ್ಯಾಕಪ್ ಸಾಧನ) ಬಳಸಿ ಅದನ್ನು ಹೊಸದಾಗಿ ಕಟ್ಟಿ.